ರೀಲ್ ಬೀರಪ್ಪನ ಹೊಸ ಚೈನು

ಒಂದೇ ಸಿನಿಮಾವನ್ನು ಎರಡು ಊರಿನವರು ಒಂದೇ ದಿನ ನೋಡಬೇಕೆಂದರೆ ನಡುವೆ ಒಬ್ಬ ಮನುಷ್ಯ ಓಡಾಡಬೇಕು. ತೊಂಬತ್ತನಾಲ್ಕನೇ ಇಸವಿಯಲ್ಲಿ ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ಹಾಗೆ ಓಡಾಡುತ್ತಿದ್ದವನು ಈಸೂರಿನ ಚಿಕ್ಕಬೀರಪ್ಪ. ಎರಡೂ ಊರಿನ ಟಾಕೀಸಿಗೆ ಸೇರಿ ಬರುತ್ತಿದ್ದದ್ದು ಒಂದೇ ಪ್ರಿಂಟು. ಶಿಕಾರಿಪುರದಲ್ಲಿ ಮಧ್ಯಾಹ್ನದ ಆಟ, ಸೊರಬದಲ್ಲಿ ಸಂಜೆಯ ಆಟ. ಮಧ್ಯಾಹ್ನದ ಆಟದ ಮೊದಲರ್ಧ ಮುಗಿದ ಕೂಡಲೇ ಆ ರೀಲುಗಳ ತಗಡಿನ ಪೆಟ್ಟಿಗೆಯನ್ನು ಬೈಕಿನ ಹಿಂದೆ ಬಿಗಿದುಕೊಂಡು ಸೊರಬಕ್ಕೆ ಮುಟ್ಟಿಸಬೇಕು. ಖಾಲಿ ಗಾಡಿಯಲ್ಲಿ ವಾಪಸು ಬಂದು, ಉಳಿದರ್ಧವನ್ನು ಹೇರಿಕೊಂಡು, ಸೊರಬದವರ ಇಂಟರ್‌ವಲ್ ಮುಗಿಯುವುದರೊಳಗೆ ಮತ್ತೆ ಅಲ್ಲಿರಬೇಕು. ಇಂಥ ಕೆಲಸಕ್ಕೆ ಸರ್ಕಾರದ ಯಾವ ಕಾಗದದಲ್ಲೂ ಹೆಸರಿಲ್ಲ. ಜನರೇ ಹೆಸರಿಟ್ಟರು, ರೀಲ್ ಬೀರಪ್ಪ ಎಂದು.

ಅವನಪ್ಪ ಉಜ್ಜಪ್ಪ ಕುರಿ ವ್ಯಾಪಾರದವನು. ಸಂತೆಯಲ್ಲಿ ಕಣ್ಣು ಮುಚ್ಚಿ ಕುರಿಯ ಬೆನ್ನ ಮೇಲೆ ಬೆರಳಾಡಿಸಿದನೆಂದರೆ ಉಣ್ಣೆಯ ಒಳಗಿನ ಒಂದೊಂದು ಮೂಳೆಯ ಸಮಾಚಾರವೂ ಅವನಿಗೆ ತಿಳಿಯುತ್ತಿತ್ತು. ಮಗನಿಗೂ ಅದನ್ನು ಕಲಿಸಿದ್ದ. ಆದರೆ ಮಗನಿಗೆ ಕುರಿಯ ಹಿಂದೆ ನಡೆಯುವ ವೇಗ ಸಾಲಲಿಲ್ಲ. ತನ್ನ ಪಾಲಿನ ಕುರಿ ಮಾರಿ ಸೆಕೆಂಡ್ ಹ್ಯಾಂಡ್ ರಾಜದೂತ್ ಬೈಕು ತಂದ. ಉಜ್ಜಪ್ಪ ಮೂರು ತಿಂಗಳು ಮಗನ ಜೊತೆ ಮಾತು ಬಿಟ್ಟ. ಆಮೇಲೊಂದು ದಿನ ಸೊರಬದ ಟಾಕೀಸಿನಲ್ಲಿ ಪೆಟ್ಟಿಗೆ ಬಂದ ಕೂಡಲೇ ಜನ ಎದ್ದು ನಿಂತು ಸೀಟಿ ಹೊಡೆದರೆಂದು ಯಾರೋ ಹೇಳಿದ್ದು ಕೇಳಿ, ತಾನಾಗಿಯೇ ಮಾತಾಡಿಸಿದ.

ಸೀಟಿಯ ಕಾಲ ಬಹಳ ದಿನ ನಡೆಯಲಿಲ್ಲ. ಬೈಕಿನ ಚೈನು ಕೈಕೊಡತೊಡಗಿತು. ಶಿರಾಳಕೊಪ್ಪದ ಏರಿನಲ್ಲಿ ಚಕ್ರದ ಹಲ್ಲು ಬಿಟ್ಟು ಜಾರುವುದು, ಇಳಿಜಾರಿನಲ್ಲಿ ಕಳಚಿ ಬೀಳುವುದು. ಒಂದೇ ವರ್ಷದಲ್ಲಿ ಮೂರು ಚೈನು ಬದಲಾದವು. ಸರಿಪಡಿಸಲು ಸಲೀಸಾಗಲಿ ಎಂದು ಬೀರಪ್ಪ ಚೈನಿನ ಕವರನ್ನೇ ಕಿತ್ತು ಮನೆಯ ಅಟ್ಟಕ್ಕೆ ಎಸೆದಿದ್ದ. ಇತ್ತ ಸೊರಬದ ಜನ ಇಂಟರ್‌ವಲ್ ಎಂದರೆ ಅರ್ಧ ಮುಕ್ಕಾಲು ಗಂಟೆ ಎಂದೇ ಲೆಕ್ಕ ಹಾಕಿಕೊಂಡರು. ಕೆಲವರು ಮನೆಗೆ ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬರುತ್ತಿದ್ದರು. ಉಳಿದವರು ಬೀರಪ್ಪನ ಮನೆತನವನ್ನೆಲ್ಲ ಬೈಯುತ್ತ ಬೀಡಿ ಸೇದುತ್ತಿದ್ದರು.

ಒಂದು ಭಾನುವಾರ ಚೈನು ಪೂರ್ತಿ ತುಂಡಾಯಿತು. ಪೆಟ್ಟಿಗೆ ಬರಲೇ ಇಲ್ಲ. ಜನ ಬೆಂಚು ಮುರಿದರು. ಮರುದಿನ ಸೊರಬದ ಟಾಕೀಸಿನ ಮ್ಯಾನೇಜರ್ ಗುರುಪ್ರಕಾಶ್ ಬೀರಪ್ಪನನ್ನು ಕರೆಸಿದ.

“ಅಲ್ಲ ಮಾರಾಯಾ, ಬೈಸ್ಕೊಂಡು ಬೈಸ್ಕೊಂಡು ನಂಗೆ ಸಾಕಾಯ್ತು. ಶುಕ್ರವಾರ ಹೊಸ ಪಿಚ್ಚರ್ ಬರ್ತದೆ. ಇಂಟರ್‌ವಲ್ ಬೆಲ್ ಹೊಡೆಯೋ ಹೊತ್ತಿಗೆ ಪೆಟ್ಟಿಗೆ ಬಾಗಿಲಲ್ಲಿ ಇರ್ಬೇಕು. ಇಲ್ದಿದ್ರೆ ಶನಿವಾರದಿಂದ ತೋಟಪ್ಪನ ವ್ಯಾನು. ಆಯ್ತಾ?”

ತೋಟಪ್ಪ ಅಲ್ಲೇ ವ್ಯಾನಿಗೆ ಒರಗಿ ಎಲೆಯಡಿಕೆ ಮೆಲ್ಲುತ್ತಿದ್ದ. ಬೀರಪ್ಪ ಅವನತ್ತ ನೋಡಿದ. ಸಂಬಳ ಹೋದರೆ ಹೋಗಲಿ, ಕೂಲಿ ಮಾಡಿ ತಿನ್ನಬಹುದು. ಆದರೆ ಊರಿಗೆ ಊರೇ ಕೊಟ್ಟ ಹೆಸರು ವ್ಯಾನಿನವನ ಪಾಲಾಗುವುದೇ? ಆ ಯೋಚನೆಗೇ ಬೀರಪ್ಪನ ಕಣ್ಣು ತುಂಬಿ ಬಂತು.

ಬುಧವಾರ ಬೆಳಿಗ್ಗೆ ತುಂಡಾದ ಚೈನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಬೈಕನ್ನು ತಳ್ಳಿಕೊಂಡು ಶಿಕಾರಿಪುರದ ಪರಮಶಿವಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದ. ಪರಮಶಿವಪ್ಪನದು ಹಣೆ ತುಂಬ ವಿಭೂತಿ, ಬಾಯಿ ತುಂಬ ಬುದ್ಧಿಮಾತು. ಗಿರಾಕಿ ಕೇಳಿದ್ದನ್ನು ಕೊಡುವುದಕ್ಕಿಂತ ಗಿರಾಕಿಯ ತಪ್ಪು ಹುಡುಕುವುದರಲ್ಲೇ ಅವನಿಗೆ ಹೆಚ್ಚು ಖುಷಿ.

“ಮುರೀದಂಥ ಚೈನು ಕೊಡ್ರಿ,” ಎಂದ ಬೀರಪ್ಪ. “ಈ ಕಂಪನಿಯವ್ರೆಲ್ಲ ಮೋಸಗಾರ್ರು. ವರ್ಷದಾಗ ಮೂರು ಹೋದ್ವು.”

“ಮೂರೂ ಬ್ಯಾರೆ ಬ್ಯಾರೆ ಕಂಪನೀವಾ?”

“ಹೂಂ ರೀ.”

“ಹಂಗಾರೆ ಮೋಸ ಅವ್ರದಲ್ಲ, ನಿಮ್ದೇ. ತೆಗೀರಿ, ನೋಡಾನ.”

ಪರಮಶಿವಪ್ಪ ಹಳೆಯ ಚೈನನ್ನು ಒಂದು ತುದಿಯಲ್ಲಿ ಹಿಡಿದು ಅಡ್ಡಡ್ಡಲಾಗಿ ಚಾಚಿದ. ಸವೆದು ಸಡಿಲವಾಗಿದ್ದ ಅದು ಸತ್ತ ಹಾವಿನಂತೆ ಜೋತುಬಿತ್ತು. ಕೊಂಡಿಗಳ ನಡುವೆ ಬೆರಳಿಟ್ಟು ಉಜ್ಜಿದ. ಕಪ್ಪು ಜಿಡ್ಡು, ಅದರೊಳಗೆ ಚರಚರ ಎನ್ನುವ ಕೆಂಪು ಮರಳು. ಜಿಡ್ಡು ಎಂಥದೆಂದು ತಿಳಿಯಲು ಬೆರಳನ್ನು ಮೂಗಿನ ಹತ್ತಿರ ತಂದವನು ಹಾಗೇ ನಿಂತುಬಿಟ್ಟ.

“ಏನ್ರೀ ಇದು? ಎಂಥಾ ಎಣ್ಣಿ?”

“ಎಣ್ಣಿ ಅಲ್ರೀ, ಕುರಿ ಕೊಬ್ಬು,” ಎಂದ ಬೀರಪ್ಪ ಹೆಮ್ಮೆಯಿಂದ. “ಮನ್ಯಾಗೇ ಕಾಸಿದ್ದು. ನಮ್ಮಪ್ಪ ಗಾಡಿ ಅಚ್ಚಿಗೂ ಇದನ್ನೇ ಹಚ್ತಿದ್ದ.”

“ಶಿವಶಿವಾ!” ಪರಮಶಿವಪ್ಪ ಕೈಯನ್ನು ಮೈಯಿಂದ ದೂರ ಚಾಚಿಕೊಂಡು ಹಿತ್ತಲಿನ ನಲ್ಲಿಗೆ ಓಡಿದ. ಒಂದು ಬಿಲ್ಲೆ ಸೋಪು ಅರ್ಧ ಸವೆದ ಮೇಲೆ ತಿರುಗಿ ಬಂದ. ಬೈಯಬೇಕೆಂದೇ ಬಂದಿದ್ದ, ಆದರೆ ಬೀರಪ್ಪನ ಮುಖ ನೋಡಿ ನಗು ಒತ್ತರಿಸಿಕೊಂಡು ಬಂತು.

“ಅಲ್ರೀ, ನಿಮ್ಮ ಗಾಡಿನ ನಾಯಿ ಅಟ್ಟಿಸ್ಕೊಂಡು ಬರಲ್ವಾ?”

“ಬರ್ತಾವ್ರೀ. ಶಿರಾಳಕೊಪ್ಪ ದಾಟೋ ಮಟ ಬಿಡಂಗಿಲ್ಲ. ಗಾಡಿ ಸದ್ದಿಗೆ ಅಂತ ಮಾಡಿದ್ದೆ.”

ಪರಮಶಿವಪ್ಪ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ನಕ್ಕ. ನಕ್ಕು ಮುಗಿದ ಮೇಲೆ ಬಿಡಿಸಿ ಹೇಳಿದ. ಕೊಬ್ಬು ತಣ್ಣಗಾದರೆ ಗಟ್ಟಿಯಾಗುತ್ತದೆ, ಕೊಂಡಿಯೊಳಗೆ ಇಳಿಯುವುದಿಲ್ಲ. ಹೊರಗೇ ಅಂಟಿಕೊಂಡು ದಾರಿಯ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಸಾಲದ್ದಕ್ಕೆ ಕವರು ಬೇರೆ ಕಿತ್ತಾಗಿದೆ. ಎತ್ತಿನ ಗಾಡಿಗೆ ನಡೆದದ್ದು ಇಷ್ಟು ಜೋರಾಗಿ ತಿರುಗುವ ಚೈನಿಗೆ ನಡೆಯುತ್ತದೆಯೇ? ನಾಚಿಕೆಯಿಂದ ಬೀರಪ್ಪನ ಕಿವಿ ಬಿಸಿಯಾಗಿತ್ತು.

ಆಮೇಲೆ ಪರಮಶಿವಪ್ಪ ಎರಡು ಚೈನು ತೆಗೆದು ಗಾಜಿನ ಮೇಲಿಟ್ಟ. ಒಂದು ಚಿನ್ನದ ಬಣ್ಣದ್ದು, ಮದುವೆಗೆ ಹೊರಟಂತೆ ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಕಪ್ಪಗೆ ಮಂಕಾಗಿತ್ತು, ಬೆಲೆ ಮಾತ್ರ ಜಾಸ್ತಿ. ಎರಡನ್ನೂ ಒಂದೊಂದಾಗಿ ಅಡ್ಡ ಹಿಡಿದು ತೋರಿಸಿದ. ಹೊಳೆಯುವುದು ಹೊಸದಾಗಿದ್ದರೂ ಆಗಲೇ ಬಿಲ್ಲಿನಂತೆ ಬಾಗಿತು. ಕಪ್ಪನೆಯದು ಪಕ್ಕಕ್ಕೆ ಹೆಚ್ಚು ಬಾಗದೆ ನಿಂತಿತು. ಅದರ ಪಕ್ಕದ ಪಟ್ಟಿಗಳೂ ದಪ್ಪ.

“ಇದೇ ತಗೊಳ್ರಿ. ಕಣ್ಣು ಮುಚ್ಚಿ ತಗೊಳ್ರಿ.”

ಬೀರಪ್ಪ ನಿಜವಾಗಿಯೇ ಕಣ್ಣು ಮುಚ್ಚಿದ. ಚೈನನ್ನು ಮಡಿಲಲ್ಲಿ ಹಾಕಿಕೊಂಡು, ಅಪ್ಪ ಕುರಿಯ ಬೆನ್ನು ಮುಟ್ಟಿ ನೋಡುತ್ತಿದ್ದಂತೆ ಒಂದೊಂದೇ ಕೊಂಡಿಯನ್ನು ಬೆರಳ ನಡುವೆ ಮಡಿಸಿ ಬಿಡಿಸತೊಡಗಿದ. ಅಂಗಡಿಗೆ ಬಂದ ಗಿರಾಕಿಗಳು ಸುತ್ತ ನಿಂತು ನೋಡಿದರು. ಯಾರೋ ಕಿಸಕ್ಕನೆ ನಕ್ಕರು.

“ಏನ್ರೀ, ಹೊಟ್ಟ್ಯಾಗ ಮರಿ ಐತಾ ಅಂತ ನೋಡ್ತೀರಾ?” ಎಂದು ಪರಮಶಿವಪ್ಪ ಛೇಡಿಸಿದ.

ಬೀರಪ್ಪ ಮುಂದಿನ ಕೊಂಡಿ ಮಡಿಸಿದ. ಅರ್ಧ ಚೈನು ದಾಟಿದ ಮೇಲೆ ಬೆರಳು ಗಕ್ಕನೆ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಮುಟ್ಟಿದ. ಕಣ್ಣು ಬಿಟ್ಟು, “ಇದು ಬಿಗಿ ಐತ್ರೀ,” ಎಂದ.

“ಸಾಧ್ಯನೇ ಇಲ್ಲ. ಇಪ್ಪತ್ತು ವರ್ಷದಿಂದ ಇದನ್ನೇ ಮಾರ್ತಿದೀನಿ.”

“ನೀವೇ ನೋಡ್ರಿ.”

ಪರಮಶಿವಪ್ಪ ಚೈನನ್ನು ಕಿತ್ತುಕೊಂಡು ಮಡಿಸಿ ನೋಡಿದ. ಉಳಿದ ಕೊಂಡಿಗಳೆಲ್ಲ ನೀರಿನಂತೆ ಬಳುಕಿದವು. ಅದೊಂದು ಮಾತ್ರ ಬಾಗಿದ ಕಡೆಯೇ ಸೆಟೆದು ನಿಂತಿತು. ಕಣ್ಣಿಗೆ ಕಾಣುವ ದೋಷವೇ ಅಲ್ಲ.

“ಇಂಥದ್ದು ಹಾಕಿದ್ರೆ ಪ್ರತಿ ಸುತ್ತಿಗೂ ಅಲ್ಲೇ ಜಗ್ಗಿ ಅಲ್ಲೇ ಹೋಗ್ತಿತ್ತು,” ಎಂದ ಪರಮಶಿವಪ್ಪ ಮೆಲ್ಲಗೆ. ಆಮೇಲೆ ತಾನೇ ಏಣಿ ಹತ್ತಿ ಮೇಲಿನ ಅರೆಯಿಂದ ಅದೇ ಮಾಲಿನ ಮೂರು ಪೆಟ್ಟಿಗೆ ಇಳಿಸಿ ಬೀರಪ್ಪನ ಮುಂದಿಟ್ಟ. “ನಿಮಗೆ ಯಾವ್ದು ಬೇಕೋ ಆರಿಸ್ಕೊಳ್ರಿ. ನಾ ಏನೂ ಮಾತಾಡಲ್ಲ.”

ಎರಡನೆಯ ಪೆಟ್ಟಿಗೆಯದು ಬೀರಪ್ಪನ ಬೆರಳಿಗೆ ಒಪ್ಪಿತು. ಮಾತಾಡುವುದಿಲ್ಲ ಎಂದ ಪರಮಶಿವಪ್ಪ ಮಾತಾಡದೆ ಇರಲು ಆದೀತೇ? ಬೈಕಿನ ಹಲ್ಲಿನ ಚಕ್ರಗಳನ್ನು ನೋಡಿ, ಹಲ್ಲುಗಳು ಕುಡುಗೋಲಿನಂತೆ ಡೊಂಕಾಗಿವೆ, ಇವುಗಳ ಮೇಲೆ ಹೊಸ ಚೈನು ಹಾಕಿದರೆ ತಿಂಗಳೊಪ್ಪತ್ತರಲ್ಲಿ ತಿಂದುಹಾಕುತ್ತವೆ ಎಂದು ಹಿಂದಿನ ಚಕ್ರ ಮುಂದಿನ ಚಕ್ರ ಎರಡನ್ನೂ ಬದಲಾಯಿಸಿದ. ಎರಡು ಬೆರಳಿನಷ್ಟು ಸಡಿಲ ಬಿಟ್ಟು ಬಿಗಿಸಿದ. ಗೇರ್ ಆಯಿಲಿನ ಡಬ್ಬಿಯನ್ನು ಕೈಯಲ್ಲಿಟ್ಟು ಕುರಿಯ ಸುದ್ದಿ ಎತ್ತಕೂಡದೆಂದು ಆಣೆ ಹಾಕಿಸಿಕೊಂಡ.

ಮನೆಯಲ್ಲಿ ಬೀರಪ್ಪನ ಹೆಂಡತಿ ಈಶ್ವರಮ್ಮ ಸಂಗತಿ ಕೇಳಿ ಕೊಬ್ಬಿನ ಗಡಿಗೆಯನ್ನು ಒಲೆಯ ಪಕ್ಕಕ್ಕೆ ಎಳೆದುಕೊಂಡಳು. “ಬಂಗಾರದಂಥ ಕೊಬ್ಬು, ವರ್ಷಗಟ್ಟಲೆ ಕಬ್ಬಿಣಕ್ಕೆ ಉಣಿಸಿದ್ಯಲ್ಲ! ಇನ್ಮುಂದಾದ್ರೂ ಮನೆಯವ್ರು ತಿಂತಾರೆ ಬಿಡು,” ಎಂದಳು. ಚೈನಿನ ಕವರನ್ನು ಅಟ್ಟದಿಂದ ಇಳಿಸಿ, ತಿಕ್ಕಿ ತೊಳೆದು ಕೊಟ್ಟವಳೂ ಅವಳೇ.

ಶುಕ್ರವಾರ ಬಂತು. ಮೊದಲರ್ಧ ಸಲೀಸಾಗಿ ಸೊರಬ ಸೇರಿತು. ಬೀರಪ್ಪ ತಿರುಗಿ ಬಂದು ಉಳಿದರ್ಧವನ್ನು ಹೇರಿಕೊಂಡು, ಹಗ್ಗ ಎರಡು ಸಲ ಬಿಗಿದು ಹೊರಟ. ಹೊಸ ಚೈನಿನ ಸದ್ದೇ ಬೇರೆ. ಹಳೆಯದರಂತೆ ಗೊಣಗಾಟವಿಲ್ಲ, ಸಣ್ಣಗೆ ಸುಯ್ ಎನ್ನುತ್ತಿತ್ತು. ಶಿರಾಳಕೊಪ್ಪದಲ್ಲಿ ನಾಯಿಗಳು ತಲೆಯೆತ್ತಿ ನೋಡಿ, ಮೂಸಿ, ಮತ್ತೆ ಮಲಗಿದವು. ಏರು ಎದುರಾದಾಗ ಬೀರಪ್ಪ ಉಸಿರು ಬಿಗಿಹಿಡಿದ. ಪ್ರತಿ ಸಲ ಜಾರುತ್ತಿದ್ದ ಜಾಗ ಅದು. ಗೇರು ಇಳಿಸಿ ಆಕ್ಸಿಲರೇಟರ್ ತಿರುವಿದ. ಗಾಡಿ ಒಂದೇ ಎಳೆತಕ್ಕೆ ಏರು ಹತ್ತಿತು. “ಎಲಾ ಇದರ!” ಎಂದು ಅವನು ಒಬ್ಬನೇ ಜೋರಾಗಿ ಕೂಗಿದ. ಎದುರಿಗೆ ಬಂದ ಸೈಕಲ್ಲಿನವನು ಬೆಚ್ಚಿ ಪಕ್ಕಕ್ಕೆ ಸರಿದ.

ಸೊರಬದ ಟಾಕೀಸಿನ ಮುಂದೆ ಬೈಕು ನಿಂತಾಗ ಒಳಗೆ ಇನ್ನೂ ಮೊದಲರ್ಧದ ಕೊನೆಯ ರೀಲು ಓಡುತ್ತಿತ್ತು. ಗುರುಪ್ರಕಾಶ್ ಗೇಟಿನಲ್ಲಿ ನಿಂತಿದ್ದ. ಗೋಡೆಯ ಗಡಿಯಾರ ನೋಡಿದ, ಕೈಗಡಿಯಾರ ನೋಡಿದ. ಆಮೇಲೆ ವ್ಯಾನಿನ ಕಡೆ ತಿರುಗಿ, “ತೋಟಪ್ಪಾ, ನೀ ಮನೆಗೆ ಹೋಗು ಮಾರಾಯಾ. ನಮ್ಗೆ ನಮ್ಮ ಬೀರಪ್ಪ ಇದಾನೆ,” ಎಂದ.

ಇಂಟರ್‌ವಲ್ ಆಯಿತು. ಜನ ರೂಢಿಯಂತೆ ಆರಾಮವಾಗಿ ಹೊರಗೆ ಬಂದರು. ಒಬ್ಬ ಬೋಂಡಾಕ್ಕೆ ಹೇಳಿ ಕೂತ, ಇನ್ನೊಬ್ಬ ಎಮ್ಮೆಯ ಕಡೆ ಹೊರಟ. ಹತ್ತೇ ನಿಮಿಷಕ್ಕೆ ಬೆಲ್ಲು ಹೊಡೆಯಿತು. ಯಾರೂ ನಂಬಲಿಲ್ಲ. ಒಳಗಿನಿಂದ ಹಾಡು ಕೇಳಿಸಿದ ಮೇಲೆ ನೋಡಿ ಗದ್ದಲ! ಲೋಟ ಬಿಸಾಡಿ, ಪಂಚೆ ಎತ್ತಿ ಕಟ್ಟಿ, ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ನುಗ್ಗಿದರು. ಎಮ್ಮೆಯವನು ಅರ್ಧ ದಾರಿಯಿಂದ ಓಡುತ್ತ ಬಂದ.

“ಏ ಬೀರಪ್ಪಾ, ಹೇಳ್ದೆ ಕೇಳ್ದೆ ಇಷ್ಟು ಬೇಗ ಬಂದ್ರೆ ಹೆಂಗಾ?” ಎಂದು ಒಬ್ಬ ಓಡುತ್ತಲೇ ಬೈದ. “ನನ್ನ ಬೋಂಡಾ ಇನ್ನೂ ಬಾಣಲೆಯಲ್ಲೇ ಇತ್ತು!”

ಇಂಥ ಬೈಗುಳ ಬೀರಪ್ಪ ಜನ್ಮದಲ್ಲಿ ತಿಂದಿರಲಿಲ್ಲ. ಬೈಕಿನ ಮೇಲೆ ಕೂತಲ್ಲೇ ಅವನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

“ನಾಳಿಂದ ಬೇಗ ತಿಂದು ಮುಗಿಸ್ರಿ,” ಎಂದು ಕೂಗಿದ. “ನಾ ದಿನಾ ಇದೇ ಹೊತ್ತಿಗೆ ಬರ್ತೀನಿ.”