ಸಂಶಯಪ್ಪನ ಬಿಗಿ ಶೂ

ಆ ಬೀದಿಯ ಶೂ ಹೊಲಿಯುವವನಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಬೀದಿಯವರು ಇಟ್ಟದ್ದು ಸಂಶಯಪ್ಪ. ಗಿರಾಕಿ ನಮಸ್ಕಾರ ಅಂದರೂ ಇವನಿಗೇನೋ ಬೇಕಾಗಿದೆ ಎಂದುಕೊಳ್ಳುವ ಆಸಾಮಿ. ತಮ್ಮನೊಬ್ಬನ ವಿಷಯದಲ್ಲಿ ಮಾತ್ರ ಅವನ ಅನುಮಾನಕ್ಕೆ ರಜೆ. ಅಂಗೈಯಗಲದ ಅಂಗಡಿಯಲ್ಲಿ, ಒಂದೇ ಬೆಂಚಿನ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತೇ ಇಬ್ಬರ ತಲೆಯೂ ನರೆತಿತ್ತು.

ಆ ರಜೆ ಮುಗಿದದ್ದು ಅವನ ಸ್ವಂತ ಶೂನಿಂದ. ಡಾಕ್ಟರು ಬಿ.ಪಿ.ಗೆ ಹೊಸ ಮಾತ್ರೆ ಕೊಟ್ಟ ಮೇಲೆ ತಲೆಸುತ್ತು ನಿಂತು ಹಾಯಾಗಿದ್ದ. ಆದರೆ ಸಂಜೆ ಮನೆಗೆ ಹೊರಟರೆ ಶೂ ಕಚ್ಚುತ್ತಿತ್ತು. ತಾನೇ ಅಳೆದು ಹೊಲಿದ ಶೂ! ತನ್ನ ಅಳತೆ ತಪ್ಪುವ ಮಾತೇ ಇಲ್ಲ. ಹಾಗಾಗಿ ಮಹಾಶಯ ಕಾಲು ನೋಡಿಕೊಳ್ಳಲಿಲ್ಲ, ಶೂವನ್ನು ಬೆಳಕಿಗೆ ಹಿಡಿದ. ಪಕ್ಕದ ಹೊಲಿಗೆ ಬಿಚ್ಚಿ, ಒಂದು ಪಟ್ಟಿ ಸೇರಿಸಿ, ಮತ್ತೆ ಹೊಲಿದಿದ್ದರು. ಗಂಟು ಎಡಕ್ಕಿತ್ತು. ಹಾಗೆ ಗಂಟು ಹಾಕುವವನು ತಮ್ಮ ಒಬ್ಬನೇ.

ಪಟ್ಟಿ ಸೇರಿಸಿದರೆ ಶೂ ಅಗಲವಾಗುತ್ತದೆಂದು ನಿನ್ನೆ ಮೊನ್ನೆ ಸೂಜಿ ಹಿಡಿದವನಿಗೂ ಗೊತ್ತು. ಸಿಟ್ಟು ನೆತ್ತಿಗೇರಿದವನಿಗೆ ಅದು ಹೊಳೆಯಬೇಕಲ್ಲ! ಅಂದಿನಿಂದ ಸಂಶಯಪ್ಪನ ಕಣ್ಣೆಲ್ಲ ತಮ್ಮನ ಮೇಲೆ. ತಮ್ಮನೋ, ಬೆಂಚಿನ ಕೆಳಗೆ ಕದ್ದು ನೋಡುತ್ತಾನೆ. ಊಟದ ಬುತ್ತಿ ತರುವ ಅತ್ತಿಗೆಯ ಹತ್ತಿರ ಬಾಗಿಲಲ್ಲಿ ಪಿಸುಗುಡುತ್ತಾನೆ, ಅಣ್ಣ ತಲೆಯೆತ್ತಿದರೆ ಬಾಯಿಗೆ ಬೀಗ. ಓಹೋ, ನನ್ನನ್ನು ಕುಂಟ ಮಾಡಿ ಮನೆಯಲ್ಲಿ ಕೂರಿಸಿ ಅಂಗಡಿ ನುಂಗುವ ಹುನ್ನಾರ! ಕಟ್ಟಿಕೊಂಡವಳೂ ಅವನ ಕಡೆಯೇ.

ಕೊನೆಗೊಂದು ಸಂಜೆ ಶೂ ಎತ್ತಿ ಬೆಂಚಿನ ಮೇಲೆ ಕುಕ್ಕಿದ. "ಈ ಹೊಲಿಗೆ ಯಾರದ್ದೋ? ನಾಳೆನೇ ಅಂಗಡಿ ಭಾಗ ಮಾಡಿಬಿಡೋಣ. ನಿನ್ನ ದಾರಿ ನಿಂಗೆ, ನನ್ನ ದಾರಿ ನಂಗೆ."

ತಮ್ಮ ಸೂಜಿ ಕೆಳಗಿಟ್ಟ. "ನಂದೇ ಅಣ್ಣ. ಸಂಜೆ ಆದ್ರೆ ನೀನು ಕುಂಟ್ತಿದ್ದೆ. ಹೇಳಿದ್ರೆ ಮೈಮೇಲೆ ಬೀಳ್ತೀಯ. ಮಧ್ಯಾಹ್ನ ನೀನು ಅಡ್ಡಾದಾಗ ಒಂಚೂರು ಅಗಲ ಮಾಡ್ದೆ. ಆಮೇಲೂ ಬಿಗಿ ಆಯ್ತು, ಮತ್ತೆ ಮಾಡ್ದೆ. ಅತ್ತಿಗೆ ಹತ್ರ ಹೇಳ್ತಿದ್ದದ್ದೂ ಇದನ್ನೇ. ಕಾಲು ಕೊಡು ಇಲ್ಲಿ."

ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದ. ನಾದಿದ ಹಿಟ್ಟಿನಲ್ಲಿ ಬೆರಳಿಟ್ಟ ಹಾಗೆ ಗುಳಿ ಉಳಿಯಿತು. ಇನ್ನೊಂದು ಕಾಲಿನಲ್ಲೂ ಹಾಗೆಯೇ. ಊರಿನವರ ಪಾದಗಳನ್ನೆಲ್ಲ ಅಳೆದವನು ತನ್ನದನ್ನು ಈಗ ನೋಡಿ ಹೆದರಿದ.

ತಮ್ಮನೇ ಡಾಕ್ಟರ ಬಳಿ ಕರೆದೊಯ್ದ. ಡಾಕ್ಟರು ಎದೆ ಕೇಳಿ, ರಕ್ತ, ಮೂತ್ರ ಪರೀಕ್ಷೆ ಮಾಡಿಸಿ, "ಬೇರೇನೂ ತೊಂದರೆ ಕಾಣ್ತಿಲ್ಲ. ಈ ಮಾತ್ರೆ ಕೆಲವರಿಗೆ ಹೀಗೆ ಕಾಲು ಊದಿಸುತ್ತೆ, ಬೇರೆ ಬರೀತೀನಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ," ಅಂದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ಇಷ್ಟು ಊದೋವರೆಗೂ ಗೊತ್ತಾಗಲಿಲ್ವಾ? ಶೂ ಹಿಡಿಸದೆ ಹೋಗಿರಬೇಕಲ್ಲ?" ಅಂತ ಕೇಳಿದರು. ಅಣ್ಣ ತಮ್ಮನನ್ನು ನೋಡಿದ. ತಮ್ಮ ಗೋಡೆ ನೋಡಿದ.

ಮಾತ್ರೆ ಬದಲಾಗಿ ಕೆಲವು ವಾರಗಳಲ್ಲಿ ಕಾಲು ಇಳಿಯಿತು. ಈಗ ಶೂ ಲೊಳಲೊಳ. ತಮ್ಮ ಕತ್ತರಿ ಹಿಡಿದು, "ಕೊಡಣ್ಣ, ಪಟ್ಟಿ ತೆಗೆದುಬಿಡ್ತೀನಿ," ಅಂದ.

ಸಂಶಯಪ್ಪ ಎರಡೂ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ.

"ಯಾಕಣ್ಣ, ಇನ್ನೂ ಅನುಮಾನಾನಾ?"

"ಆ ಹೊಲಿಗೆ ಮುಟ್ಟಿದ್ರೆ ಕೈ ಮುರೀತೀನಿ ನೋಡು," ಎಂದು ರೇಗಿದ ಅಣ್ಣ, ಶೂನೊಳಗೆ ಚರ್ಮದ ಚೂರು ತುರುಕಿಕೊಂಡು ಮಂಡಿಯನ್ನು ತಮ್ಮನ ಮಂಡಿಗೆ ಒತ್ತಿ ಕೂತ.