ಬೆಂಕಿರೇಖೆಯ ಆಚೆ ಇದ್ದ ಊಸರವಳ್ಳಿ

ಮೂರು ಬೇಸಿಗೆ ನಾನು ಕೋಲಾರದ ಬೆಟ್ಟದಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ಕೆಲಸಕ್ಕೆ ಹೋಗುತ್ತಿದ್ದೆ. ನನ್ನ ಜೊತೆಗಾರನೂ ನಮ್ಮ ಶ್ರೀನಿವಾಸಪುರದ ಕಡೆಯವನೇ, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ರಕ್ತಸಂಬಂಧವೇನೂ ಇರಲಿಲ್ಲ, ಆದರೂ ಮಾಮ ಎಂದೇ ಕರೆಯುತ್ತಿದ್ದೆ. ಬೆಟ್ಟದಲ್ಲಿ ಊಸರವಳ್ಳಿಯನ್ನು ಗುರುತಿಸಲು ಕಲಿಸಿದವನು ಅವನು. ನನಗೆ ಎಷ್ಟು ಹುಡುಕಿದರೂ ಬರೀ ಎಲೆಗಳೇ ಕಾಣುತ್ತಿದ್ದವು. "ಎಲೆ ನೋಡ್ಬೇಡ ಕಣೋ, ಕಣ್ಣು ಹುಡುಕು. ಎಲೆಗೆ ಕಣ್ಣು ತಿರುಗಲ್ಲ," ಎನ್ನುತ್ತಿದ್ದ. ಆಮೇಲೆ ದಿನಕ್ಕೊಂದಾದರೂ ಕಂಡೇ ಕಾಣುತ್ತಿತ್ತು. ನನಗೆ ಅದರ ಹುಚ್ಚೇ ಹಿಡಿಯಿತು.

ಮೂರನೆಯ ಬೇಸಿಗೆಯ ಒಂದು ಮಧ್ಯಾಹ್ನ ಬೆಟ್ಟದ ಹಿಂಬದಿಯಿಂದ ಬೆಂಕಿ ಗಾಳಿಯ ಜೊತೆ ಏರಿ ಬಂತು. ಇದ್ದದ್ದು ನಾವಿಬ್ಬರೇ. ಫೋನು ಮಾಡಿದೆವು, ಉಳಿದವರು ಹತ್ತಿ ಬರಲು ಒಂದು ಗಂಟೆ ಬೇಕಿತ್ತು. ಹುಲ್ಲು ಕೆತ್ತಿ ಬೋಳು ಮಾಡಿಟ್ಟಿದ್ದ ಬೆಂಕಿರೇಖೆಯ ಮೇಲೆ ನಿಂತು, ಹಸಿ ಕೊಂಬೆಗಳಿಂದ ಬಡಿಯತೊಡಗಿದೆವು.

"ಬಂಡೆಯಿಂದ ಆ ಕಡೆ ನಾನು, ಈ ಕಡೆ ನೀನು. ದಾಟೋಕೆ ಬಿಡ್ಬೇಡ. ನನ್ ಬೆನ್ನು ಕಾಯೋನು ನೀನೇ," ಎಂದ ಮಾಮ.

ಆಗ ರೇಖೆಯಿಂದ ಎಂಟು ಹೆಜ್ಜೆ ಆಚೆ, ಲಂಟಾನದ ಪೊದೆಯಲ್ಲಿ ಒಂದು ಊಸರವಳ್ಳಿ ಕಂಡಿತು. ಮೈ ಕಪ್ಪಾಗಿತ್ತು. ಮೊಲಗಳು ನಮ್ಮ ಕಾಲಸಂದಿಯಲ್ಲೇ ಓಡಿಹೋಗಿದ್ದವು. ಇದಕ್ಕೆ ಓಡಲು ಬರುವುದಿಲ್ಲ. ಒಂದು ಕಾಲೆತ್ತಿ, ಹಿಂದೆ ಮುಂದೆ ತೂಗಿ, ಮೇಲಿನ ಕಡ್ಡಿಗೆ ಹೋಯಿತು. ಅದಕ್ಕೂ ಮೇಲೆ ಕಡ್ಡಿ ಇರಲಿಲ್ಲ.

ಕೊಂಬೆ ಬಿಸಾಡಿ ಓಡಿದೆ. ಬಾಲ ಸುತ್ತಿಕೊಂಡಿತ್ತು. ಒಂದು ಕಾಲು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು, ಬಾಯಿ ತೆರೆದು ಬುಸುಗುಟ್ಟಿ ಬೆರಳು ಕಚ್ಚಿತು. ಹೇಗೋ ಕಿತ್ತು ಹೆಗಲಿನ ಬುತ್ತಿಚೀಲಕ್ಕೆ ಹಾಕಿಕೊಂಡು ತಿರುಗಿದರೆ, ಪೊದೆಯ ಪಕ್ಕದಿಂದ ಹಾದ ಬೆಂಕಿ ನಾನು ನಿಂತಿದ್ದ ಜಾಗವನ್ನು ದಾಟಿ ಮಾಮನ ಬೆನ್ನ ಹಿಂದೆ ಹಬ್ಬಿಬಿಟ್ಟಿತ್ತು.

"ಮಾಮಾ!" ಎಂದು ಕೂಗಿದೆ. ಹೊಗೆಯೊಳಗಿನಿಂದ, "ಎಲ್ಲಿ ಹಾಳಾಗೋದ್ಯೋ!" ಎಂದು ಅರಚಿದ್ದು ಕೇಳಿಸಿತು. ಹೊರಬರಲು ಅವನು ಉರಿಯುವ ಹುಲ್ಲನ್ನೇ ತುಳಿದುಕೊಂಡು ಓಡಬೇಕಾಯಿತು. ನಾನು ಸುತ್ತುಹಾಕಿ ಅವನನ್ನು ಸೇರುವಷ್ಟರಲ್ಲಿ ರಬ್ಬರ್ ಚಪ್ಪಲಿಗಳು ಕರಗಿ ಪಾದಕ್ಕೆ ಅಂಟಿದ್ದವು. ಕೀಳಲು ಹೋದೆ, ಚರ್ಮವೂ ಬಂತು, ಕೈಬಿಟ್ಟೆ. ಬೆನ್ನ ಮೇಲೆ ಹೊತ್ತು ಇಳಿದೆ. ದಾರಿಯುದ್ದಕ್ಕೂ ಅವನು ನೀರು, ನೀರು ಎನ್ನುತ್ತಿದ್ದ. ಬಾಟಲಿ ಮೇಲೆಯೇ ಉಳಿದಿತ್ತು.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆದೊಯ್ದ ಮೇಲೆ ಚೀಲ ಅಲ್ಲಾಡಿತು. ಅಲ್ಲಿಯವರೆಗೆ ನನಗೆ ಅದರ ನೆನಪೇ ಇರಲಿಲ್ಲ. ಹೊರಗೆ ಬಂದು ಕಾಂಪೌಂಡಿನ ಬೇವಿನ ಮರಕ್ಕೆ ಹತ್ತಿಸಿದೆ. ಬಹಳ ಹೊತ್ತು ಅಲುಗಲೇ ಇಲ್ಲ. ಮರುದಿನ ಬೆಳಿಗ್ಗೆ ಅಲ್ಲಿರಲಿಲ್ಲ. ಮೇಲೆ ಹೋಯಿತೋ, ಕಾಗೆ ಹೊತ್ತೊಯ್ದಿತೋ ತಿಳಿಯದು.

ಬೆಂಕಿ ಬಿದ್ದ ದಿನವೇ ಸಂಜೆಯ ಬಸ್ಸಿಗೆ ಮಾಮನ ಹೆಂಡತಿ ಬಂದಿದ್ದರು. "ನೀನ್ ಪಕ್ಕದಲ್ಲೇ ಇದ್ದಲ್ಲಪ್ಪ, ಹೆಂಗಾಯ್ತು?"

"ಗಾಳಿ ತಿರುಗ್ಬಿಡ್ತು, ಅತ್ತೆ."

ಮಾಮನಿಗೆ ಎಚ್ಚರವಿತ್ತು. ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡ.

ಅವನ ಕಾಲಿನ ಎರಡು ಬೆರಳು ತೆಗೆದರು. ಮನೆಗೆ ಬಂದ ಮೇಲೂ ಗೋಡೆ ಹಿಡಿದೇ ನಡೆಯಬೇಕಿತ್ತು. ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ದಿನ ಅತ್ತೆ ಇಲ್ಲದ ಹೊತ್ತಿನಲ್ಲಿ ಹೋಗಿ, ಅವನ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ.

"ಗೊತ್ತು," ಎಂದ. "ನಿನ್ ಬೆನ್ಮೇಲೆ ಇದ್ನಲ್ಲ, ಚೀಲದಲ್ಲಿ ಪರಚ್ತಿತ್ತು. ಅವಳಿಗೆ ಹೇಳ್ಬೇಡ. ಅವಳು ಕ್ಷಮಿಸಲ್ಲ."

"ನೀನು, ಮಾಮ?"

ಅವನು ಕಾಲಿಗೆ ಸುತ್ತಿದ್ದ ಬಟ್ಟೆ ಸರಿಮಾಡಿಕೊಳ್ಳುತ್ತಾ ಕೂತ. "ಇನ್ನೂ ಗೊತ್ತಾಗಿಲ್ಲ ಕಣೋ," ಎಂದ.

ಆ ಮಾತನ್ನು ಹೊತ್ತುಕೊಂಡು ಒಂದು ವಾರ ತಿರುಗಿದೆ. ಆಮೇಲೆ ತಡೆಯಲಾಗದೆ, ಅಂಗಳದಲ್ಲಿ ರಾಗಿ ಕೇರುತ್ತಿದ್ದ ಅತ್ತೆಗೆ ನಿಜ ಹೇಳಿಬಿಟ್ಟೆ. ಅವರು ಮೊರ ಕೆಳಗಿಡದೆ ಕೇಳಿದರು. "ಒಂದು ಹುಳಕ್ಕೋಸ್ಕರವಾ?" ಎಂದರು. ಅವರು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಒಳಗೆ ಮಾಮ ಕೆಮ್ಮುವುದು ಕೇಳಿಸಿತು, ನನ್ನನ್ನು ಕರೆಯಲಿಲ್ಲ.