ಮೇಷ್ಟ್ರ ಕಡೆಯವರು

ಹೋದ ತಿಂಗಳು ಮಳವಳ್ಳಿಯ ಒಂದು ಶಾಲೆಗೆ ಚರ್ಚಾಸ್ಪರ್ಧೆಯ ತೀರ್ಪು ಕೊಡಲು ಹೋಗಿದ್ದೆ. ಮಕ್ಕಳು ಇನ್ನೂ ಬಂದು ಸೇರುತ್ತಿದ್ದರು. ಜವಾನರೊಬ್ಬರು ಹೆಗಲ ಮೇಲೆ ಹೊತ್ತು ತಂದ ಜಮಖಾನವನ್ನು ನೆಲಕ್ಕೆ ಕೆಡವಿ ಕಾಲಿನಿಂದಲೇ ಉರುಳಿಸಿದರು. ಅದು ಬಿಚ್ಚಿಕೊಳ್ಳುತ್ತಾ ಬಂದ ಹಾಗೆ ಒಂದು ವಾಸನೆ ಎದ್ದಿತು. ನುಸಿಗುಳಿಗೆ, ಹಳೇ ಧೂಳು, ಎಂದೋ ಯಾರೋ ಚೆಲ್ಲಿದ ಕಾಫಿ... ವಾಸನೆಯೊಂದು ಸತ್ತವರನ್ನು ಎದುರಿಗೆ ತಂದು ನಿಲ್ಲಿಸುತ್ತದೆ ಅನ್ನುವ ಮಾತನ್ನು ನಾನು ನಂಬಿದವಳಲ್ಲ. ಬರೆಯುವವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಮಾತು ಅದು ಅಂತಲೇ ವಾದಿಸುತ್ತಿದ್ದೆ. ಆದರೆ ಅವತ್ತು ಮೊದಲು ಮಾತಾಡಿದ ಹುಡುಗಿ ಪರವಾಗಿ ಮಾತಾಡಿದಳೋ ವಿರೋಧವಾಗಿ ಮಾತಾಡಿದಳೋ ನನಗೆ ಗೊತ್ತಾಗಲಿಲ್ಲ.

ನಮ್ಮ ಕನ್ನಡ ಮೇಷ್ಟ್ರು ಇಂಥವೇ ಜಮಖಾನಗಳನ್ನು ಕಾಲೇಜಿನ ಉಗ್ರಾಣದಿಂದ ಕೇಳಿ ಪಡೆದು, ಸ್ಕೂಟರಿನ ಮುಂದೆ ಕಾಲ ನಡುವೆ ನಿಲ್ಲಿಸಿಕೊಂಡು, ಮಂಡ್ಯದಿಂದ ಮದ್ದೂರಿಗೆ ಸಾಗಿಸುತ್ತಿದ್ದರು. ತಿಂಗಳಿಗೊಂದು ಶನಿವಾರ ಸಂಜೆ ಅಲ್ಲಿನ ಒಂದು ಸಮುದಾಯ ಭವನದಲ್ಲಿ ಅವರು ಹಾಡಿನ ಕಾರ್ಯಕ್ರಮ ಮಾಡಿಸುತ್ತಿದ್ದರು. ಮೈಕಿಲ್ಲ, ಕೀಬೋರ್ಡಿಲ್ಲ, ಕುರ್ಚಿಯೂ ಇಲ್ಲ. ತಂಬೂರಿ ಪದದವರು ಬಂದರು, ನೀಲಗಾರರು ಬಂದರು, ಒಮ್ಮೆ ಕೊಳಲಿನವನೊಬ್ಬ ಬಂದು ಯಾರ ಮುಖವನ್ನೂ ನೋಡದೆ ಊದಿ ಹೋದ. ಹಾಡುವವರ ಉಸಿರು ಕೇಳಿಸುವಷ್ಟು ಹತ್ತಿರ ಕೂರಬೇಕು ಅನ್ನುವುದು ಮೇಷ್ಟ್ರ ಹಟ. ಮೊದಮೊದಲು ಉಸಿರು ಕೇಳಿಸಿಕೊಳ್ಳಲು ನಾಲ್ಕಾರು ವಿದ್ಯಾರ್ಥಿಗಳು, ಭವನದ ಕಾವಲಿನವರು, ಮಳೆ ಬಂತೆಂದು ಒಳಗೆ ನುಗ್ಗಿದವರು, ಇಷ್ಟೇ ಜನ.

ಮೇಷ್ಟ್ರು ಕರಾವಳಿ ಕಡೆಯವರು. ಮದುವೆಯಾಗಿರಲಿಲ್ಲ. ಮದ್ದೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತಿದ್ದರು. ನಮ್ಮ ಕಡೆಯ ಮಾತು ಅವರ ಕಿವಿಗೆ ಹಿಡಿದಿತ್ತೇ ಹೊರತು ನಾಲಿಗೆಗೆ ಬಂದಿರಲಿಲ್ಲ. ಬೆಸಗರಹಳ್ಳಿಯಿಂದ ಬಸ್ಸಲ್ಲಿ ಬಂದು ಹೋಗುತ್ತಿದ್ದ ನನ್ನನ್ನು ಚರ್ಚೆಗೆ ಹಚ್ಚಿದವರು ಅವರೇ. ಅದಕ್ಕೆ ಮುಂಚೆ ನಾನು ಬರೀ ಜಗಳಗಂಟಿ. ನಮ್ಮಜ್ಜಿ ನನ್ನ ಬಾಯಿಗೆ ಬಸ್ಸಿನ ಹಾರನ್ನು ಕಟ್ಟವ್ರೆ ಅನ್ನುತ್ತಿತ್ತು. ಆ ಹಾರನ್ನನ್ನು ವಾದವಾಗಿಸಿದ್ದು ಮೇಷ್ಟ್ರು. ನಾನು ಆವೇಶದಲ್ಲಿ ಏನಾದರೂ ಒದರಿದರೆ ಅವರು ಕನ್ನಡಕ ಮೇಲೆತ್ತಿ ಒಂದೇ ಮಾತು ಕೇಳುತ್ತಿದ್ದರು: "ಆಧಾರ?" ಆಧಾರವಿಲ್ಲದಿದ್ದರೆ ಕೂತುಕೋ ಎಂದು ಅರ್ಥ. ನಾನು ಕೂತುಕೊಳ್ಳುತ್ತಿದ್ದೆ. ಆ ಮಾತು ನನ್ನೊಳಗೆ ಎಷ್ಟು ಇಳಿಯಿತೆಂದರೆ, ಕೊನೆಗೆ ಅದನ್ನು ಅವರ ಮೇಲೇ ತಿರುಗಿಸಿದೆ.

ಯಾಕೆಂದರೆ ಹಾಡುವವರನ್ನು ಪರಿಚಯ ಮಾಡಿಕೊಡುವಾಗ ಮೇಷ್ಟ್ರು ಸುಳ್ಳು ಹೇಳುತ್ತಿದ್ದರು. ಮೊದಲು ಸಣ್ಣವು. ಮಳವಳ್ಳಿ ಕಡೆಯ ತಂಬೂರಿಯವರೊಬ್ಬರನ್ನು ಏಳು ತಲೆಮಾರಿನ ಹಾಡುಗಾರರು ಅಂದರು. ಆ ಮನುಷ್ಯ ಪಕ್ಕದಲ್ಲಿ ದಮ್ಮಡಿ ಬಡಿಯುವವನ ಮುಖ ನೋಡಿದ್ದನ್ನು ನಾನು ನೋಡಿದೆ. ಅವರ ಅಪ್ಪ ಹಾಡಿದವರೇ ಅಲ್ಲ, ಇವರು ಮಾವನ ಮನೆಯಲ್ಲಿ ಕಲಿತದ್ದು ಅಂತ ಆಮೇಲೆ ಟೀ ಕುಡಿಯುವಾಗ ಅವರೇ ಹೇಳಿದರು. ನಾನು ಮೇಷ್ಟ್ರನ್ನು ಹಿಡಿದುಕೊಂಡೆ. ಏಳು ತಲೆಮಾರಿಗೆ ಆಧಾರ ಏನು ಸಾರ್ ಅಂದೆ. ಅವರು ನಕ್ಕರು. "ಬರೀ ಹಾಡಿಗೆ ಯಾರು ಬರ್ತಾರೆ ಮಾರಾಯ್ತಿ? ಕತೆಗೆ ಬರ್ತಾರೆ. ಬಂದ ಮೇಲೆ ಹಾಡು ಕೇಳ್ತಾರೆ."

ಅದೂ ಒಂದು ವಾದವೇ. ಈಗಲೂ ಅದನ್ನು ಪೂರ್ತಿ ಮುರಿಯಲು ನನಗೆ ಬರುವುದಿಲ್ಲ. ಜನ ಬಂದದ್ದು ನಿಜ. ಆಮೇಲಾಮೇಲೆ ಅವರು ಕಟ್ಟಿದ ಬಡತನದ, ಅನಾಥತನದ ಕತೆಗಳನ್ನು ಕೇಳಿದವರು ಮುಂದಿನ ಸಲ ಮನೆಯವರನ್ನೂ ಕರೆತಂದರು. ಜಮಖಾನ ಸಾಲದೆ ಜನ ಗೋಡೆಗೆ ಒರಗಿ ನಿಲ್ಲುವಂತಾಯಿತು. ಆದರೆ ಹಾಡುವವರು ಬಡವರಾಗಿರಬೇಕು, ಅನಾಥರಾಗಿರಬೇಕು, ಹಾಗಿದ್ದರೇ ನಮಗೆ ಅವರ ಹಾಡು ಕೇಳಿಸುವುದು ಅನ್ನುವುದಾದರೆ, ನಾವು ಕೇಳಿಸಿಕೊಳ್ಳುತ್ತಿರುವುದು ಏನನ್ನು? ಇದನ್ನೂ ಅವರಿಗೆ ಹೇಳಿದೆ. ಅವರು ಒಪ್ಪಿದರು. ಒಪ್ಪಿ, ಮುಂದಿನ ತಿಂಗಳು ಇನ್ನೂ ದೊಡ್ಡದೊಂದನ್ನು ಹೇಳಿದರು.

ದುದ್ದದ ಕಡೆಯ ಒಂದು ಹಳ್ಳಿಯಿಂದ ಸೋಬಾನೆ ಪದದ ಹೆಂಗಸರು ಬಂದ ಸಂಜೆ ಅದು. ಸೋಬಾನೆ ಅಂದರೆ ನಮ್ಮಲ್ಲಿ ಮದುವೆಯ ಹಾಡು, ಶುಭದ ಹಾಡು. ಒಬ್ಬರು ಮುಂದೆ ಹೇಳಬೇಕು, ಉಳಿದವರು ಸೊಲ್ಲು ಎತ್ತಿಕೊಳ್ಳಬೇಕು. ಮುಂದೆ ಹೇಳುವವರು ದೊಡ್ಡ ಕುಂಕುಮದ, ಅಗಲ ಮೈಯ ದೊಡ್ಡವ್ವ. ವೇದಿಕೆ ಹತ್ತುವ ಮೊದಲೇ ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದ ನನ್ನ ಕೂದಲು ನೋಡಿ, ಇದೇನವ್ವ ಕೂದ್ಲ ಯಾರ್ ಮೇಯ್ದವ್ರೆ ಅಂತ ಕೇಳಿ ಎಲ್ಲರನ್ನೂ ನಗಿಸಿದ್ದರು. ಮೇಷ್ಟ್ರು ಆಗ ಕಾಫಿ ತರಿಸಲು ಹೊರಗೆ ಹೋಗಿದ್ದರು. ಹೆಂಗಸರ ಜತೆ ಒಂದು ಮಾತೂ ಆಡದೆ ನೇರವಾಗಿ ಬಂದು ಪರಿಚಯಕ್ಕೆ ನಿಂತರು. ಮೊದಲು ಮುಂದಿನ ಸಾಲಲ್ಲಿದ್ದ ನನ್ನನ್ನು ತೋರಿಸಿ, ಇವಳು ನನ್ನ ಶಿಷ್ಯೆ, ನಾಳೆ ಈ ಕಾರ್ಯಕ್ರಮ ನಡೆಸುವವಳು ಅಂದರು. ಆಮೇಲೆ ದೊಡ್ಡವ್ವನ ಕಡೆ ಕೈ ಚಾಚಿ, ಗಂಡನನ್ನು ಕಳೆದುಕೊಂಡು, ಬದುಕಿನ ಎಲ್ಲ ಶುಭವನ್ನೂ ಕಳೆದುಕೊಂಡು, ಊರಿನ ಹೆಣ್ಣುಮಕ್ಕಳಿಗೆಲ್ಲ ಶುಭ ಹಾಡುತ್ತಿರುವ ತಾಯಿ ಇವರು ಅಂದರು. ಧ್ವನಿ ನಡುಗಿಸಿಯೇ ಅಂದರು.

ದೊಡ್ಡವ್ವನ ಕೈ ತಾಳಿಗೆ ಹೋಯಿತು. ಗಂಡನನ್ನು ಕಳೆದುಕೊಂಡವರಿಗೆ ಶುಭ ಯಾಕಿಲ್ಲ ಅನ್ನುವುದು ಬೇರೆಯೇ ಚರ್ಚೆ, ಅದಕ್ಕೆ ನಾನು ಯಾವತ್ತೂ ಸಿದ್ಧ. ಆದರೆ ಸೋಬಾನೆಗೆ ಕೂತ ಹೆಂಗಸಿಗೆ, ಬದುಕಿರುವ ಗಂಡ ಸತ್ತನೆಂದು ನಾಲ್ಕು ಜನರ ಮುಂದೆ ಹೇಳುವುದು ನಮ್ಮ ಕಡೆ ಸಣ್ಣ ಮಾತಲ್ಲ. ಆಗ ಬಾಗಿಲ ಹತ್ತಿರ ಟವೆಲ್ಲು ಹೊದ್ದು ನಿಂತಿದ್ದ ಒಬ್ಬರು ಕೆಮ್ಮಿದರು. ಆ ಹೆಂಗಸರನ್ನೆಲ್ಲ ತಮ್ಮ ಲಗೇಜ್ ಆಟೊದಲ್ಲಿ ಕೂರಿಸಿಕೊಂಡು ಬಂದಿದ್ದವರು.

"ನಾನಿನ್ನೂ ಇವ್ನಿ ಕಣಿ ಮೇಷ್ಟ್ರೇ," ಅಂದರು. "ಆಟೊನೂ ಈಚೆ ನಿಂತದೆ. ಬೇಕಾದ್ರೆ ನೋಡ್ಬನ್ನಿ."

ಭವನ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ಅದು ನಗುವಿನಲ್ಲಿ ಮುಚ್ಚಿಹೋಯಿತು. ಅಷ್ಟರಲ್ಲಿ ದೊಡ್ಡವ್ವ ಹಾಡು ಶುರು ಮಾಡಿಬಿಟ್ಟಿದ್ದರು.

"ಇದ್ದ ಗಂಡನ್ನ ಇಲ್ಲೆಂದ ಮೇಷ್ಟ್ರಿಗೆ
ಕನ್ನಡ್ಕ ತೊಳ್ದು ಕೊಡಿರವ್ವ"

ಉಳಿದವರು ಸೊಲ್ಲು ಎತ್ತಿಕೊಂಡರು. ಅಲ್ಲೇ, ಆ ಕ್ಷಣಕ್ಕೆ ಕಟ್ಟಿದ ಪದ. ಕನ್ನಡಕದಿಂದ ಮೇಷ್ಟ್ರ ಪುಸ್ತಕಕ್ಕೆ, ಪುಸ್ತಕದಿಂದ ಅವರ ಸ್ಕೂಟರಿಗೆ, ಅಲ್ಲಿಂದ ಅವರಿಗೆ ಇಲ್ಲದ ಹೆಂಡತಿಗೆ ಹಾಡು ಹರಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಇದು ಬೈಗುಳವಲ್ಲ, ಬೀಗರ ಪದ. ನಮ್ಮ ಮದುವೆಗಳಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹೀಗೆ ಹಾಡಿನಲ್ಲಿ ಹಿಗ್ಗಾಮುಗ್ಗಾ ಅಂದುಬಿಡುತ್ತಾರೆ. ಅನ್ನಿಸಿಕೊಂಡವರು ಎದ್ದು ಬಂದು ಹಾಡುವವರ ಮಡಿಲಿಗೆ ವೀಳ್ಯ ಹಾಕಬೇಕು. ಅವರಿಗೆ ನಾಚಿಕೆಯಾದರೆ ಅವರ ಕಡೆಯವರು ಯಾರಾದರೂ ಹಾಕಿದರೂ ಆಯಿತು. ವೀಳ್ಯ ಬಿದ್ದ ಕೂಡಲೇ ಹಾಡು ಮಗ್ಗಲು ಬದಲಿಸುತ್ತದೆ. ಅದೇ ಹೆಸರು, ಅದೇ ಧಾಟಿ, ಆದರೆ ಈಗ ಹರಕೆ. ನೂರು ಕಾಲ ಬಾಳಲಿ, ಮನೆ ತುಂಬಲಿ... ಬೈದದ್ದೆಲ್ಲ ಆ ಹರಕೆಯಲ್ಲಿ ತೊಳೆದುಹೋಗುತ್ತದೆ. ಪರಕೀಯರನ್ನು ಯಾರೂ ಬೀಗರ ಪದದಲ್ಲಿ ಬೈಯುವುದಿಲ್ಲ. ನಮ್ಮವರಾಗಬೇಕಾದವರನ್ನೇ ಬೈಯುವುದು.

ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಸೋಬಾನೆಯ ಬಗ್ಗೆ ಅವರು ಓದಿದ್ದರು, ನಮ್ಮ ಕಡೆಯ ಮದುವೆಯೊಂದರಲ್ಲಿ ಬೈಸಿಕೊಂಡಿರಲಿಲ್ಲ. ಮುಖದ ಮೇಲೆ ಒಂದು ನಗೆಯನ್ನು ಅಂಟಿಸಿಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಪಕ್ಕದ ಬಾಗಿಲಿಂದ ಇಳಿದು ಹೋದರು. ಹೊರಗೆ ಸ್ಕೂಟರು ಹೊರಟ ಸದ್ದಾಯಿತು.

ದೊಡ್ಡವ್ವ ಹಾಡು ನಿಲ್ಲಿಸಲಿಲ್ಲ, ತಗ್ಗಿಸಿದರು. ಹಿಂದಿನವರು ಸೊಲ್ಲನ್ನು ಮೆಲ್ಲಗೆ ಎಳೆಯುತ್ತಿದ್ದರು. ದೊಡ್ಡವ್ವ ಜನರ ಕಡೆ ತಿರುಗಿ ಕೇಳಿದರು:

"ಮೇಷ್ಟ್ರ ಕಡೇರು ಯಾರವ್ರೆ ಇಲ್ಲಿ?"

ವೇದಿಕೆಯ ಮುಂದೆ ಹಚ್ಚಿಟ್ಟಿದ್ದ ದೀಪದ ಪಕ್ಕದಲ್ಲೇ ತಟ್ಟೆಯಲ್ಲಿ ವೀಳ್ಯ ಇತ್ತು. ನಾನು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಭವನದ ತಲೆಗಳು ಒಂದೊಂದಾಗಿ ನನ್ನ ಕಡೆ ತಿರುಗಿದವು. ಇವಳು ನನ್ನ ಶಿಷ್ಯೆ ಅಂತ ಅವರು ಹೇಳಿ ಇನ್ನೂ ಎಷ್ಟು ಹೊತ್ತಾಗಿತ್ತು... ನಾನು ಫೋನು ತೆಗೆದೆ. ಯಾರದೋ ಸಂದೇಶ ಬಂದ ಹಾಗೆ ಪರದೆಯನ್ನು ಮೇಲೆ ಕೆಳಗೆ ಉಜ್ಜಿದೆ. ಯಾವ ಸಂದೇಶವೂ ಬಂದಿರಲಿಲ್ಲ.

ಯಾಕೆ ಏಳಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಕಾರಣಗಳಿದ್ದವು, ಚೆನ್ನಾಗಿಯೇ ಜೋಡಿಸಿದ ಕಾರಣಗಳು. ಆಧಾರವಿಲ್ಲದೆ ಮಾತಾಡಿದವರು ಕೂತುಕೊಳ್ಳಬೇಕು, ಅದು ಅವರದೇ ನಿಯಮ. ನಾನು ಮುಂಚೆಯೇ ಎಚ್ಚರಿಸಿದ್ದೆ. ಬೇರೆಯವರ ಸುಳ್ಳಿಗೆ ನಾನೇಕೆ ವೀಳ್ಯ ಕೊಡಲಿ? ಈ ಯಾವ ಅಂಶಕ್ಕೂ ಯಾವ ತೀರ್ಪುಗಾರರೂ ಅಂಕ ಕಳೆಯುವ ಹಾಗಿರಲಿಲ್ಲ. ಆದರೆ ನಿಜ ಇಷ್ಟೇ. ಅಷ್ಟು ಜನ ನಗುತ್ತಿದ್ದ ಮನುಷ್ಯನ ಕಡೆಯವಳು ನಾನು ಅಂತ ತೋರಿಸಿಕೊಳ್ಳಲು ನನಗೆ ನಾಚಿಕೆಯಾಯಿತು. ಬೈಸಿಕೊಂಡವರು ಅವರು, ಮುಖ ಬಿಸಿಯಾದದ್ದು ನನ್ನದು.

ಸೊಲ್ಲು ಇನ್ನೊಂದು ಸುತ್ತು ಬಂತು. ಆಮೇಲೆ ದೊಡ್ಡವ್ವ ಸುಮ್ಮನೆ ಬೇರೆ ಪದ ಎತ್ತಿಕೊಂಡರು.

ಮುಂದಿನ ತಿಂಗಳಿಂದ ಮೇಷ್ಟ್ರು ಆ ಭವನಕ್ಕೆ ಬರಲಿಲ್ಲ. ಕಾರ್ಯಕ್ರಮವನ್ನು ಬೇರೆಯವರು ವಹಿಸಿಕೊಂಡರು, ಕುರ್ಚಿ ಬಂತು, ಮೈಕೂ ಬಂತು. ತರಗತಿಯಲ್ಲಿ ಅವರು ಪಾಠ ಮಾಡಿ ಹೋಗುತ್ತಿದ್ದರು. ಒಂದು ದಿನ ಮದ್ದೂರಿನ ಬಸ್ ನಿಲ್ದಾಣದಲ್ಲಿ ನನ್ನನ್ನು ನೋಡಿ ಸ್ಕೂಟರು ನಿಲ್ಲಿಸಿದರು. ಅದೂ ಇದೂ ಕೇಳಿದರು. ಆಮೇಲೆ ಹೆಲ್ಮೆಟ್ಟಿನ ಪಟ್ಟಿಯನ್ನು ತಿರುಚುತ್ತಾ, "ಅವತ್ತು ನಾನು ಹೊರಟ ಮೇಲೆ ಆಯಮ್ಮ ನನ್ನ ಬಗ್ಗೆ ಏನೋ ಕೇಳಿದರಂತೆ. ಏನದು ಮಾರಾಯ್ತಿ?" ಅಂದರು.

ಹೇಳಬಹುದಿತ್ತು. ಆದರೆ ವೀಳ್ಯದ ವಿಷಯ ಹೇಳಿದರೆ ನಾನು ಏಳಲಿಲ್ಲ ಅನ್ನುವುದನ್ನೂ ಹೇಳಬೇಕಾಗಿತ್ತು.

"ಏನಿಲ್ಲ ಸಾರ್," ಅಂದೆ. "ಮುಂದೆ ಯಾವ ಪದ ಹೇಳ್ಬೇಕು ಅಂತ ಕೇಳಿದ್ರು ಅಷ್ಟೇ."

ಅವರು ನನ್ನ ಹತ್ತಿರ ಆಧಾರ ಕೇಳಲಿಲ್ಲ. "ಹೌದಾ," ಅಂದರು. "ವಾಪಸ್ಸು ಕರೆದರೇನೋ ಅಂದುಕೊಂಡೆ."

ನನ್ನ ಬಸ್ಸು ಬಂತು. ನಾನು ಹತ್ತಿದೆ.

ಆ ವರ್ಷವೇ ಅವರು ಕೇಳಿ ವರ್ಗ ಮಾಡಿಸಿಕೊಂಡು ತಮ್ಮ ಊರ ಕಡೆ ಹೋದರು. ತೀರಿಕೊಂಡ ಸುದ್ದಿ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಎಲ್ಲರ ಹಾಗೆ ನಾನೂ ಎರಡು ಕೈ ಮುಗಿದ ಚಿತ್ರ ಹಾಕಿದೆ. ನಮ್ಮ ಜನ ತಮ್ಮನ್ನು ನಗೆಯಾಡಿ ಹೊರಗೆ ಅಟ್ಟಿದರು ಅಂತಲೇ ತಿಳಿದು ಅವರು ಹೋದರು. ಒಳಗೆ ಕರೆದಿದ್ದರು ಅನ್ನುವುದು ಅವರಿಗೆ ಗೊತ್ತಾಗಲೇ ಇಲ್ಲ...

ಮಳವಳ್ಳಿಯಿಂದ ಬಂದ ಮೇಲೆ, ಮೊನ್ನೆ ಭಾನುವಾರ, ದುದ್ದದ ಕಡೆ ಹೋಗಿದ್ದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ದೊಡ್ಡವ್ವ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆಟೊದವರು ಒಳಗೆ ಟಿವಿ ನೋಡುತ್ತಿದ್ದರು. ಗುರುತು ಹೇಳಿದ್ದಕ್ಕೆ ಸ್ವಲ್ಪ ಯೋಚಿಸಿ, ಓ ಆ ಮೇಷ್ಟ್ರಾ ಅಂದರು. ಸಿಟ್ಟೇನೂ ಇರಲಿಲ್ಲ. ಬಾಯಿ ಯಾರ್ಗ್ ಜಾರಕಿಲ್ಲ ಬುಡು ಅಂದರು. ಬತ್ತಾರೆ ಬತ್ತಾರೆ ಅಂತ ಸೊಲ್ಲು ಎಳ್ದುದ್ದೇ ಎಳ್ದುದ್ದು ಅಂತ ನೆನೆಸಿಕೊಂಡು ನಕ್ಕರು.

ಅವತ್ತು ಉಳಿದ ಆ ಹರಕೆಯನ್ನು ಈಗ ಮೇಷ್ಟ್ರ ಹೆಸರಲ್ಲಿ ಹೇಳಬಹುದಾ ಅಂತ ಕೇಳಿದೆ. ಯಾವ ವೇದಿಕೆಯ ಮೇಲೂ ನನ್ನ ದನಿ ಅಷ್ಟು ಸಣ್ಣದಾಗಿರಲಿಲ್ಲ.

"ಅದ್ಕೇನ್ ಕಣವ್ವ, ಏಳನ. ಎಲ್ಲವ್ರೆ ಮೇಷ್ಟ್ರು ಈಗ?"

"ಹೋಗ್ಬುಟ್ರು ದೊಡ್ಡವ್ವ. ಎರಡು ವರ್ಷ ಆಯ್ತು."

ಕಾಯಿ ಬಿಡಿಸುತ್ತಿದ್ದ ಬೆರಳು ನಿಂತಿತು.

"ಸತ್ತೋರ್ಗೆ ಸೋಬಾನೆ ಏಳಕಿಲ್ಲ ಕಣವ್ವ," ಅಂದರು.

ಒಳಗೆ ಟಿವಿಯಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ದೊಡ್ಡವ್ವ ಮತ್ತೆ ಒಂದು ಕಾಯಿ ಎತ್ತಿಕೊಂಡು, ನನ್ನನ್ನು ನೋಡದೆ ಕೇಳಿದರು:

"ಅವತ್ತು ಅವ್ರ ಕಡೇರು ಒಬ್ರೂ ಇರ್ನಿಲ್ವಾ?"

"ಇದ್ದೆ ದೊಡ್ಡವ್ವ. ನಾನಿದ್ದೆ."

ಬೈಯಲಿ ಅಂತ ಕಾದೆ. ಬೀಗರ ಪದದಲ್ಲಾದರೂ ಬೈಯಲಿ ಅಂತ. ಅವರು ಮಡಿಲ ಸಿಪ್ಪೆಯನ್ನು ಕೊಡವಿ, ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದರು.

"ಉಣ್ಣೋ ಒತ್ತಾಯ್ತು," ಅಂದರು. "ಎದ್ದೇಳವ್ವ."

ಎದ್ದೆ.